ಷರಾ

ಮೇ ಮೂವತ್ತು, ಮಧ್ಯಾಹ್ನ. ಬದಿಯಡ್ಕದ ಮೇಲಿನ ಪೇಟೆ,
ಹಾರ್ಡ್‌ವೇರ್ ಅಂಗಡಿಯ ಮಾಳಿಗೆಯಲ್ಲಿ ನಮ್ಮ ಟ್ರಸ್ಟಿನ ಆಫೀಸು:
ಒಂದು ಮೇಜು, ಎರಡು ಕಪಾಟು, ಒಂದು ಫ್ಯಾನು, ನಾನು.

ಹೊಸದುರ್ಗ ಎಂದು ನಾವು,
ಕಾಞಂಗಾಡು ಎಂದು ಅವರು ಕರೆಯುವ ಊರಿನಿಂದ
ಬಂದಿದ್ದಾರೆ ಆಡಿಟರು ಪವಿತ್ರನ್.
ಜೇಬಿನಲ್ಲಿ ಹಸಿರು ಶಾಯಿಯ ಪೆನ್ನು.
ವೌಚರಿಗೊಂದು ಗೀಟು, ವೌಚರಿಗೊಂದು ಗೀಟು,
ಮಳೆ ಬೀಳುವ ಮೊದಲೇ ಎದ್ದ ಹುಲ್ಲು.

ಕೇಂದ್ರದ ಹಣ. ಬುಟ್ಟಿ ಹೆಣೆಯುವ ತರಬೇತಿ,
ಇಪ್ಪತ್ತೈದು ಮಂದಿ ಕೊರಗ ಹೆಂಗಸರು, ಮೂವತ್ತು ದಿನ.
ಹೆಣೆಯಲು ಬಲ್ಲವರಿಗೆ ಹೆಣೆಯುವುದನ್ನು ಕಲಿಸಲು
ಮಂಗಳೂರಿನಿಂದ ಒಬ್ಬ ಟ್ರೈನರು. ಅವನ ಬಿಲ್ಲು
ಕಲೆಯಿಲ್ಲದ್ದು, ಸೀಲು ನೆಟ್ಟಗೆ, ಜಿಎಸ್‌ಟಿ ಸಮೇತ.
ಮೂರನೆಯ ದಿನ ಅವನೇ ಚಾಪೆಯಲ್ಲಿ ಕೂತು ಕಲಿಯುತ್ತಿದ್ದ.
ಅದಕ್ಕೆ ಲೆಕ್ಕಶೀರ್ಷಿಕೆ ಇಲ್ಲ.

ವೌಚರು ನಲವತ್ತೊಂದಕ್ಕೆ ಪೆನ್ನು ನಿಂತಿತು.
“ಇದೆಂದಾ, ಬೂರು?”
ತುಳುವಿನಿಂದ ಕನ್ನಡಕ್ಕೆ ತಂದೆ: ಬಳ್ಳಿ.
ಕನ್ನಡದಿಂದ ಮಲಯಾಳಕ್ಕೆ: ವಳ್ಳಿ.
ಅವರು ಇಂಗ್ಲಿಷಿಗೆ ಏರಿಸಿ ಬರೆದುಕೊಂಡರು: ಕಚ್ಚಾವಸ್ತು.
ಅಷ್ಟು ದೂರ ನಡೆಯುವಷ್ಟರಲ್ಲಿ
ಅದರ ಹಸಿ ಆರಿಹೋಗಿತ್ತು.

ಬಿಲ್ಲಿಲ್ಲ ಸರಿ, ಮೂರು ಕೊಟೇಶನಾದರೂ ಬೇಕಂತೆ.
ಒಂದನ್ನು ಈ ಗುಡ್ಡದ ಹತ್ತಿರ ಕೇಳಬಹುದಿತ್ತು,
ಇನ್ನೆರಡು ಗುಡ್ಡ ಗೇರು ಪ್ಲಾಂಟೇಶನ್ ಆಗಿವೆ.

ನಗಬೇಡಿ. ನಾನು ನಿಯಮದ ಕಡೆಯವಳು.
ಹಿಂದಿನ ಸೆಕ್ರೆಟರಿಯ ಕಾಲದ ಫೈಲು ಈ ಕಪಾಟಿನಲ್ಲೇ ಇದೆ:
ಹನ್ನೆರಡು ಹೊಲಿಗೆ ಯಂತ್ರ, ಕೊಟೇಶನ್ ಮೂರು,
ಬಿಲ್ಲು, ಗ್ಯಾರಂಟಿ ಕಾರ್ಡು, ಹಾರ ಹಾಕಿದ ಫೋಟೋ,
ಎಲ್ಲದಕ್ಕೂ ಹಸಿರು ಗೀಟು.
ಯಂತ್ರ ಮಾತ್ರ ಯಾರ ಜಗಲಿಯಲ್ಲೂ
ಒಂದು ದಿನ ಟಕಟಕ ಅನ್ನಲಿಲ್ಲ.
ಕೇಳುವವರೊಬ್ಬರು ಇರಲಿ ಅಂತಲೇ ನಾನು ಈ ಕುರ್ಚಿಯಲ್ಲಿದ್ದೇನೆ,
ಆಡಳಿತ ವೆಚ್ಚ ಶೇಕಡಾ ಐದು ಮೀರದ ಹಾಗೆ,
ತಿಂಗಳಿಗೆ ಏಳು ಸಾವಿರಕ್ಕೆ.

ಖರ್ಚಾಗದೆ ಉಳಿದದ್ದು ಮೂರು ಸಾವಿರದ ನೂರೈವತ್ತು.
ಅದರ ಬಡ್ಡಿ ಇಪ್ಪತ್ತಮೂರು. ಎರಡನ್ನೂ ಮರಳಿ ಕಟ್ಟಬೇಕು.
“ಯಾಕೆ ಉಳಿಯಿತು?”

ಮಾಂಕು, ಕ್ರಮಸಂಖ್ಯೆ ಹದಿನೇಳು.
ಒಂಬತ್ತು ಹೆಬ್ಬೆಟ್ಟು, ಒಂದಕ್ಕಿಂತ ಒಂದು ತೆಳು.
ಹತ್ತನೆಯ ಮನೆ ಖಾಲಿ. ಹನ್ನೊಂದು, ಹನ್ನೆರಡೂ.
ಹದಿಮೂರನೆಯ ದಿನ ಮಗಳು ಬಂದಳು, ಪ್ರಜಿಷ, ಪ್ಲಸ್ ಟು ಮುಗಿಸಿದವಳು.
ಯಾರೊಂದಿಗೂ ಮಾತಿಲ್ಲ.
ಅರ್ಧಕ್ಕೆ ನಿಂತ ಬುಟ್ಟಿಯನ್ನು ಮೂಲೆಯಿಂದ ಎಳೆದುಕೊಂಡು
ಅಮ್ಮ ಬಿಟ್ಟ ಎಳೆಗೇ ಕೈ ಹಾಕಿದಳು.
ಮೂವತ್ತರವರೆಗೂ ಬಂದಳು.
ಅವಳ ಸಹಿ ಚಂದ, ಹಾಕಲು ಮನೆಯಿಲ್ಲ.
ಹೆಸರು ಆಧಾರಿಗೆ, ಆಧಾರು ಖಾತೆಗೆ,
ಖಾತೆ ದೆಹಲಿಯ ಪಟ್ಟಿಗೆ ತಾಳೆಯಾಗಬೇಕು.

ಆ ಬುಟ್ಟಿ ಇಲ್ಲೇ ಇದೆ. ನಾನು ವೌಚರು ಹಾಕಿಟ್ಟದ್ದು ಅದರಲ್ಲೇ.
ಪವಿತ್ರನ್ ಸಾರ್ ಕಾಗದ ಎಲ್ಲ ಮೇಜಿಗೆ ಸುರಿದು,
ಕನ್ನಡಕ ಹಣೆಗೇರಿಸಿ, ತಿರುಗಿಸಿದರು, ಮತ್ತೆ ತಿರುಗಿಸಿದರು.
ಕೈ ಬದಲಾದ ಜಾಗ ಸಿಗಲಿಲ್ಲ.
ಆಡಿಟರಿಗೆ ಅಂಥದ್ದು ಸಿಗದಿರುವುದು
ನಾನು ನೋಡಿದ್ದು ಅದೇ ಮೊದಲು.

“ಫಲಾನುಭವಿ ಗೈರುಹಾಜರು ಅಂತ ಹಾಕಿ,” ಎಂದರು
ಬಾಗಿಲಲ್ಲಿ, ಚಪ್ಪಲಿ ಹುಡುಕುತ್ತಾ. “ಅಷ್ಟು ಸಾಕು.”
ಸಾಕು, ಹೌದು. ನಾಳೆ ಕೊನೆಯ ದಿನ.

ಅವರು ಹೋದ ಮೇಲೆ ಪೋರ್ಟಲಿನಲ್ಲಿ,
ಷರಾ ಎಂಬ ಕಿರುಕೋಣೆಯಲ್ಲಿ,
ಅವರು ಹೇಳಿದ್ದನ್ನು ಇಂಗ್ಲಿಷಿನಲ್ಲಿ ತುಂಬಿ
ಕೆಳಗೆ ಕನ್ನಡದಲ್ಲಿ ಒಂದು ಸಾಲು ಸೇರಿಸಿದೆ:
ಮಾಂಕು ಒಂಬತ್ತು ದಿನ. ಬುಟ್ಟಿ ಪೂರ್ತಿ.

ಕನ್ನಡ ಅದಕ್ಕೆ ಬರುವುದಿಲ್ಲ.
ಅಕ್ಷರ ಇದ್ದಲ್ಲೆಲ್ಲ ಪುಟ್ಟ ಪುಟ್ಟ ಖಾಲಿ ಚೌಕ,
ಒಂದರ ಪಕ್ಕ ಒಂದು, ಬಿಗಿಯಾಗಿ,
ಬೆಳಕಿಗೆ ಹಿಡಿದ ಹೆಣಿಗೆಯ ಹಾಗೆ.

ಅಳಿಸಲಿಲ್ಲ.
ಸಲ್ಲಿಸು ಒತ್ತಿದೆ.