ಎರಡನೇ ದನಿಯಾಕಿ

ಮೊದಲ ದನಿಯವರಿಗೆ ಹಾಡು ಸಿಗ್ತದ.
ನಮಗ ಸಿಗೋದು ಹಾಡಿನ ಪಕ್ಕದ ಜಾಗ.
ಖೈರುನ್ನಿಸಾ ಮ್ಯಾಲಕ್ಕ ಏರಿ, ತಿರುವಿ, ಇಳಿದು ಬರೂತನಕ
ನಾನು ಒಂದೇ ಸ್ವರದ ಮ್ಯಾಲ ನಿಂತಿರಬೇಕು,
ಕಾಟಾದ ಮ್ಯಾಲ ಲಾರಿ ನಿಂತಂಗ.

(ದಿನಾ ಅದೇ ನನ್ನ ಕೆಲಸ, ಪರಸಿ ಲಾರಿ ತೂಗೋದು:
ತುಂಬಿದ್ದು ಇಷ್ಟು, ಖಾಲಿ ಇಷ್ಟು, ಚೀಟಿ ಹರಿದು ಕೊಡೋದು.)

ಮನ್ಯಾಗ ರೊಟ್ಟಿ ಬಡೀತಾ ಅದನ್ನೇ ಹಾಡಿ ನೋಡ್ತಿದ್ದೆ.
ಒಂದು ಸ್ವರ. ಮತ್ತ ಅದೇ ಸ್ವರ. ಅರ್ಧ ಮೆಟ್ಟಿಲು ಕೆಳಗ. ಮತ್ತ ಅದೇ.
ಅತ್ತಿ ಸಿದ್ದಮ್ಮ ಬಾಗಿಲಿಗೆ ಬಂದು ಕೇಳಿದಳು:
"ಹಾಡು ಏನವ್ವ ಇದು, ಹಲ್ಲುನೋವೋ?"

ನಾಲ್ಕು ತಿಂಗಳು, ಮಂಗಳವಾರ ಶುಕ್ರವಾರ,
ವಾಡಿ ರೇಲ್ವೆ ಕಾಲೋನಿ ಹಾಲಿನಾಗ, ಕೇರಂ ಬೋರ್ಡು ಗ್ವಾಡಿಗೆ ಸರಿಸಿ
ಎಡ್ವಿನ್ ಮಾಸ್ತರ್ ನಮ್ಮನ್ನ ನಾಲ್ಕು ಹಳಿ ಮಾಡಿ ಹಾಕಿದ.
ಮೂವತ್ತು ವರ್ಷ ಸಿಗ್ನಲ್ ಕ್ಯಾಬಿನ್ನಿನಾಗ ಇದ್ದ ಮನುಷ್ಯ.
"ನನ್ನ ಕೈ ಕೆಳಗ ಬಂದ ಮ್ಯಾಲ ಗಾಡಿ ಬಿಡ್ರಿ" ಅಂತಿದ್ದ,
"ಅದಕ್ಕ ಮೊದಲ ಯಾರೂ ಅಲ್ಲಾಡಬ್ಯಾಡ್ರಿ."

ದನಿಗಿಂತ ಮೊದಲ ಗಂಟಲು ತೊಳೀಬೇಕು ಇಲ್ಲಿ,
ಸಿಮೆಂಟಿನ ಧೂಳು.
ಲಚಮಣ್ಣ ಉಪ್ಪಿನ ಬಿಸಿನೀರು ಮುಕ್ಕಳಿಸಿ
ಕಿಡಕಿ ಹೊರಗ ಉಗುಳಿ, ಆಮ್ಯಾಲ ಬಾಯಿ ತೆರೆದರ
ಭೂಮಿ ಒಳಗ ಗೂಡ್ಸ್ ಹೋದಂಗ ಕೆಳಗಿನ ದನಿ.

ಆ ಸಂಜಿ ಇಪ್ಪತ್ತಾರು ಮಂದಿ, ಮೂರು ಸಾಲು.
ಸುಭಾಸ ಗಾರ್ಡ್ ಡ್ಯೂಟಿಯಿಂದ ನೇರ ಬಂದು
ಬಿಳಿ ಯೂನಿಫಾರ್ಮಿನಾಗೇ ನಿಂತ, ಕಿಸೆದಾಗ ಸೀಟಿ.
ನನ್ನ ಅಂಗೈ ಬೆವತು ಹಾಡಿನ ಹಾಳಿ ಅಂಟಿಕೊಂಡಿತು.
ಮುಂದ ಕುರ್ಚಿ, ಕುರ್ಚಿ ಮ್ಯಾಲ ನಮ್ಮ ಊರೇ:
ದಿನಾ ಕಾಣೋ ಮಾರಿ, ಆದರ ಇವತ್ತು ಎಲ್ಲಾರೂ ಸುಮ್ಮನ.
ಹಂಗ ಸುಮ್ಮನ ಕೂತ ನಮ್ಮ ಮಂದೀನ
ನಾ ಎಂದೂ ನೋಡಿದ್ದಿಲ್ಲ.

ಕಾಗಿಣಾ ಹೊಳಿ ಮ್ಯಾಲ ಮಾಸ್ತರ್ ಕಟ್ಟಿದ ಹಾಡು.
ಎರಡನೇ ನುಡಿ ಮುಗಿದ ಮ್ಯಾಲ ಒಂದು ಮೌನ ಅದ ಅದರಾಗ.
ನಾಲ್ಕು ಎಣಿಸಬೇಕು. ನಾನು ಮೂರು ಎಣಿಸಿದೆ.

"ನೀ..."

ಒಂದೇ ಅಕ್ಷರ.
ಇಡೀ ಹಾಲಿನಾಗ ನಾನೊಬ್ಬಾಕಿ.
ಪಂಖಾ ಕೇಳ್ತು. ಯಾರದೋ ಬಳೆಸಪ್ಪಳ ಕೇಳ್ತು.
ಕೆಂಪು ಸಿಗ್ನಲ್ ದಾಟಿ ಬಂದ ಇಂಜಿನ್ನು ನಾನು,
ಹಿಂದ ಸರಿಯಂಗಿಲ್ಲ, ಮುಂದಿನ ಹಳಿ ಯಾರದೋ.
ಮಾಸ್ತರ್ ನನ್ನ ಕಡಿ ನೋಡಲಿಲ್ಲ.
ಕೈ ಇಳಿಸಿದ, ಅಷ್ಟೇ, ಹೇಳಿದ ಹೊತ್ತಿಗೆ.

ಆಗ ಆಯ್ತು ನೋಡ್ರಿ ಅದು.
ಖೈರುನ್ನಿಸಾ ಮ್ಯಾಲ ಬಂದಳು, ಲಚಮಣ್ಣ ಕೆಳಗ, ನಡುವ ಸುಭಾಸ;
ನಾಲ್ಕು ತಿಂಗಳು ಹಂಚಿನ ಮುಂದ ಯಾವುದಕ್ಕೂ ಸಾಲದ
ನನ್ನ ಆ ಒಂಟಿ ಸ್ವರ
ಎಲ್ಲಿ ಹೋಯ್ತು ಅಂತ ಹುಡುಕಿದೆ, ಸಿಗಲಿಲ್ಲ.
ಕಿವಿಗೆ ಬರಲಿಲ್ಲ, ಪಕ್ಕೆಲುಬಿಗೆ ಬಂತು.
ನಂದು ಎಷ್ಟು, ಬಾಜೂಕ ನಿಂತ ಗುರುಬಸಮ್ಮಂದು ಎಷ್ಟು,
ತೂಗಿ ಚೀಟಿ ಬರೀಲಿಕ್ಕೆ ಆಗದ ಭಾರ.
ಹೊರಗ ಗೂಡ್ಸ್ ಒಂದು ಹಾದು ಹೋಯ್ತಂತ, ಆಮ್ಯಾಲ ಹೇಳಿದರು.
ನಮಗ್ಯಾರಿಗೂ ಗೊತ್ತಾಗಿದ್ದಿಲ್ಲ.

ಚಪ್ಪಾಳಿ. ಚಹಾ. ಪ್ಲಾಸ್ಟಿಕ್ ಕುರ್ಚಿ ಒಂದರ ಮ್ಯಾಲೊಂದು.
"ಮಾಸ್ತರ್, ನಾ ಅಲ್ಲಿ..." ಅಂದೆ.
"ಗಾಡಿ ಬಿಫೋರ್ ಬಂತು" ಅಂದ.
"ಈ ಕೇರಂ ಬೋರ್ಡು ಒಂದು ಕಡಿ ಹಿಡಿ."

ಅತ್ತಿ ಸ್ಟೇಷನ್ ಮುಟ್ಟೂತನಕ ಮಾತಾಡಲಿಲ್ಲ.
ಹಳಿ ದಾಟುವಾಗ ನನ್ನ ಮೊಣಕೈ ಹಿಡಿದಳು.
"ಉಳದದ್ದು ಎಲ್ಲಾರ ಕೂಡ ಹಾಡಿದಿ, ನನಗೇನೂ ತಿಳೀಲಿಲ್ಲ.
ಆದರ ನಡುವ ಒಮ್ಮೆ ಎಲ್ಲಾರ್ನೂ ಸುಮ್ಮನ ಮಾಡಿ
ನಿನ್ನೊಬ್ಬಾಕಿಗೇ ಬಿಟ್ಟರಲ್ಲ,
ಅದು ಛಲೋ ಇತ್ತು ನೋಡು."

ನಾ ಹೂಂ ಅಂದೆ.
ತಿದ್ದಲಿಲ್ಲ.