ಕಾಲಂ ಏಳು

ಬೋರಿವಲಿ ತಹಶೀಲ್ ಕಚೇರಿಯ ಗೋಡೆಗೆ ಆತು
ನೀಲಿ ತಾಡಪತ್ರಿಯ ಕೆಳಗೆ ನನ್ನ ಟೈಪ್‌ರೈಟರು.
ಮರಾಠಿ ಅಚ್ಚಿನ ಮಶೀನು, ಅದಕ್ಕೆ ಕನ್ನಡ ಬಾರದು;
ನನಗೆ ಕನ್ನಡ ಬಿಟ್ಟು ಬೇರೆಯದರಲ್ಲಿ ಎಣಿಸಲು ಬಾರದು.

ಹನ್ನೊಂದೂವರೆಗೆ ಬಂದಳು, ಚಪ್ಪಲಿ ಕೈಯಲ್ಲಿ ಹಿಡಿದು.
ಲಾಡ್ಕಿ ಉಂಬರಸಾಡೆ. ವಾರ್ಲಿ.
ಆರೆ ಕಾಡಿನೊಳಗೆ ಹದಿನೇಳು ಮನೆಯ ಪಾಡಾ.
ಹಿಂದೆ ಮೊಮ್ಮಗ ನವ್ಸು, ಅವನ ಕೈಯಲ್ಲಿ ಅರ್ಜಿ,
ಮಡಚಿ ಮಡಚಿ ಹಳೇ ಬಟ್ಟೆಯಷ್ಟು ಮೆತ್ತಗಾದದ್ದು.

ಹೆಸರು, ಗಂಡನ ಹೆಸರು, ಜಮಾತು, ಗಡಿ...
ಆರರ ತನಕ ಬೆರಳು ತಾನೇ ಓಡಿತು.
ಏಳು:
ಜಮೀನು ಎಂದಿನಿಂದ ಸ್ವಾಧೀನದಲ್ಲಿದೆ? ಸಾಕ್ಷ್ಯ ಲಗತ್ತಿಸಿ.

ಎಂದಿನಿಂದ, ಆಜಿ?

"ಮಾವನ ಅಪ್ಪ ಒಂದು ತಾಳೆ ನೆಟ್ಟಿದ್ದ.
ನಾನು ಮದುವೆಯಾಗಿ ಬಂದ ಬೇಸಿಗೆ
ಅದರ ಕಾಯಿ ಕೊಯ್ದು ನೆಂಟರಿಗೆ ಕೊಟ್ಟರು."
ತಾಳೆ ಈಗ?
"ರಸ್ತೆಗೆ ಬೇಕೆಂದು ಕಡಿದರು. ರಾತ್ರಿ."

ಹಿಂದೊಮ್ಮೆ ಇನ್ನೊಬ್ಬರ ಅರ್ಜಿಯಲ್ಲಿ
ಅನಾದಿ ಕಾಲದಿಂದ ಎಂದು ಕುಟ್ಟಿದ್ದೆ.
ಗುಮಾಸ್ತ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಕೇಳಿದ:
ಇಸವಿ?

ಬೇರೆ ಏನಾದರೂ ಉಂಟೆ? ರಸೀದಿ, ಲೈಟ್ ಬಿಲ್ಲು?
"ವಾಘೋಬಾನ ಕಲ್ಲಿದೆ. ಕುಂಕುಮ ಹಚ್ಚುತ್ತೇವೆ."
ಅದು ಯಾವ ಸರ್ವೇ ನಂಬರಿನಲ್ಲಿ?
ಅವಳು ನನ್ನನ್ನು ಕನಿಕರದಿಂದ ನೋಡಿದಳು.
"ಚಿರತೆಗೆ ದಾರಿ ಗೊತ್ತು. ತಿಂಗಳಿಗೊಂದು ಸಲ
ಕೋಳಿಗೂಡಿನ ತನಕ ಬಂದು ಹೋಗುತ್ತದೆ.
ಪೋಸ್ಟಿನವನಿಗೇ ನಮ್ಮ ವಿಳಾಸ ಸಿಗುವುದಿಲ್ಲ."

ನಾನು ನಕ್ಷೆ ಬಿಡಿಸಿ ತಿಳಿಸಲು ಹೋದೆ, ದೊಡ್ಡವನಂತೆ:
ನೋಡಿ, ಮರ ಅರಣ್ಯ ಇಲಾಖೆಯದು,
ಹುಲ್ಲು ಡೇರಿಯವರದು,
ಕೆರೆಯ ನೀರು ಪಾಲಿಕೆಯದು, ಅದು ನಿಮ್ಮ ಗುಡ್ಡ ಇಳಿದು
ಪೈಪಿನಲ್ಲಿ ಶಹರಕ್ಕೆ ಹೋಗುತ್ತದೆ,
ಕಲ್ಲು ಕಂದಾಯದ್ದು. ಕಲ್ಲಿನ ಕೆಳಗೆ ಇರುವುದಕ್ಕೆ
ಮಂತ್ರಾಲಯದಲ್ಲಿ ಬೇರೆಯೇ ಒಂದು ಫೈಲು.

ಬಾಯಿ ಮುಚ್ಚಿ ಎಲ್ಲ ಕೇಳಿದಳು. ಆಮೇಲೆ:
"ಏಡಿ?"
ಏನು?
"ಮೊದಲ ಮಳೆಗೆ ಹಳ್ಳದಿಂದ ಮೇಲೆ ಹತ್ತುತ್ತವಲ್ಲ,
ಆ ಏಡಿ ಯಾರದು?"

ಎಂಟೂ ಪುಟ ತಿರುವಿದೆ.
ಏಡಿಗೆ ಕಾಲಂ ಇರಲಿಲ್ಲ.

ಸೆರಗಿನ ಗಂಟು ಬಿಚ್ಚಿ ಮೇಜಿನ ಮೇಲೆ ಸುರಿದಳು,
ಮುಳ್ಳುಮುಳ್ಳಿನ ಹಸಿರು ಕಾಯಿ, ಮಣ್ಣು ಸಮೇತ.
"ಕಂಟೋಳಿ."
ನಮ್ಮಮ್ಮ ಮಾಡಹಾಗಲ ಅನ್ನುತ್ತಿದ್ದಳು, ಎಂದೆ.
"ಮಾಡಾಗಲ," ಎಂದು ಬಾಯಲ್ಲಿ ಹೊರಳಿಸಿ ನಕ್ಕಳು,
ಹುಳಿ ಇದೆಯೋ ಸಿಹಿಯೋ ನೋಡುವ ಹಾಗೆ.
"ಇದನ್ನು ಯಾರೂ ಬಿತ್ತುವುದಿಲ್ಲ.
ಗೆಡ್ಡೆ ಒಳಗೇ ಮಲಗಿರುತ್ತದೆ, ಬೇಸಿಗೆ ಪೂರ್ತಿ.
ಎಲ್ಲಿ ಮಲಗಿದೆ ಅಂತ ನನಗೆ ಗೊತ್ತು,
ನನ್ನತ್ತೆಗೆ ಗೊತ್ತಿತ್ತು.
ಇದನ್ನು ಲಗತ್ತಿಸು."

ನವ್ಸು ತಲೆ ತಗ್ಗಿಸಿದ. ಹತ್ತನೇ ಪಾಸಾದ ಹುಡುಗ,
ಗುಂಡುಪಿನ್ನಿಗೆ ತರಕಾರಿ ಚುಚ್ಚಲಾಗದು ಎಂದು ಬಲ್ಲವನು.

ಬಿಸಿಲು ಗೋಡೆ ದಾಟಿತು. ಕಿಟಕಿ ನಾಲ್ಕರಲ್ಲಿ ಊಟದ ಬೋರ್ಡು ಬಿತ್ತು.
ಅವಳು ಏಳಲಿಲ್ಲ. ನನ್ನ ತಾಡಪತ್ರಿಯನ್ನು,
ಸರಪಳಿ ಬಿಗಿದ ಸ್ಟೂಲನ್ನು ನೋಡುತ್ತ ಕೇಳಿದಳು:
"ನೀನು ಇಲ್ಲಿ ಕೂತದ್ದು ಎಂದಿನಿಂದ?"

ಆ ಗೇಟಿನ ಬಾದಾಮಿ ಮರ
ನನ್ನ ಸೊಂಟಕ್ಕೆ ಬರುತ್ತಿತ್ತು, ಆಗಿನಿಂದ,
ಅಂದುಬಿಟ್ಟೆ.

ಅಂದ ಮೇಲೆ ಇಬ್ಬರೂ ಮರದ ಕಡೆ ನೋಡಿದೆವು.
ಮೂರನೇ ಮಹಡಿಯ ಕಿಟಕಿಗೆ ಅದರ ಕೊಂಬೆ ತಾಗುತ್ತಿತ್ತು.

ಹೊಸ ಕಾರ್ಬನ್ನು ಹಾಕಿದೆ.
ಮಾವನ ಅಪ್ಪ ನೆಟ್ಟ ತಾಳೆ, ಎಂದು ಶುರುಮಾಡಿದೆ,
ಅದು ಕಾಯಿಬಿಟ್ಟ ಬೇಸಿಗೆ, ಕಡಿದ ರಾತ್ರಿ,
ಗೆಡ್ಡೆ ಮಲಗುವ ಜಾಗ ಗೊತ್ತಿದ್ದ ಅತ್ತೆಯ ಹೆಸರು
(ಪೌಲಿ, ಎಂದಳು; ಎರಡು ಸಲ ಹೇಳಿದಳು)
ಕಾಲಂ ತುಂಬಿ ಅಂಚು ದಾಟಿತು,
ಗಂಟೆ ಟಿಣ್ಣೆಂದರೂ
ಎಂಟರ ಜಾಗಕ್ಕೆ ನುಗ್ಗಿತು ಸಾಲು.

ಇಸವಿ ಕೇಳಲಿ.