ಬೆಸ ಗೆರೆ, ಸಮ ಗೆರೆ

ಕ್ಯಾಮೆರಾ ಸತ್ತಿರಲಿಲ್ಲ, ಚಾರ್ಜರ್ ಕಳೆದಿತ್ತು ಅಷ್ಟೆ.
ಎಸ್.ಪಿ. ರೋಡಿನ ಇಮ್ದಾದ್ ಸಾಬರ ಡಬ್ಬಿಯಲ್ಲಿ
ಅದೇ ಮೂತಿಯದೊಂದು ಸಿಕ್ಕಿತು, ಇನ್ನೂರೈವತ್ತಕ್ಕೆ.
ಚುಚ್ಚಿದೆ. ಒಳಗೆ ಹಾರ್ಡ್ ಡಿಸ್ಕು
ಮುದುಕರು ನಿದ್ದೆಯಲ್ಲಿ ಗಂಟಲು ಸರಿಮಾಡಿಕೊಂಡಂತೆ
ಎರಡು ಸಲ ಕೆರೆಯಿತು, ಆಮೇಲೆ ತಿರುಗಿತು.

ಮೂವತ್ತೇಳು ಫೈಲು. ಎಲ್ಲಕ್ಕೂ ಒಂದೇ ತಾರೀಖು,
ಎರಡು ಸಾವಿರದ ಏಳು, ಜನವರಿ ಒಂದು.
ಗಡಿಯಾರ ಹೊಂದಿಸುವ ಪುರುಸೊತ್ತು ಯಾರಿಗೂ ಇರಲಿಲ್ಲ.
ಸೀಮಂತ, ಹುಟ್ಟುಹಬ್ಬ, ನಂದಿಬೆಟ್ಟ, ಯಾರದೋ ತಿಥಿ
ಎಲ್ಲ ಒಂದೇ ಹಗಲಲ್ಲಿ ಮುಗಿದುಹೋದ ಮನೆ.

ಕಬ್ಬನ್‌ಪೇಟೆಯ ಈ ಓಣಿಯಲ್ಲಿ ನನ್ನ ಅಂಗಡಿಯಿರುವ ಜಾಗ
ಅಪ್ಪನ ಮಗ್ಗದ್ದು. ನೆಲದಲ್ಲಿ ಗುಣಿ ಇನ್ನೂ ಇದೆ,
ಹಲಗೆ ಮುಚ್ಚಿ ಮೇಲೆ ಯುಪಿಎಸ್ ಇಟ್ಟಿದ್ದೇನೆ.
ಕೇಳಿದವರಿಗೆ ಹೇಳುತ್ತೇನೆ: ಕಸುಬೇನೂ ಬದಲಾಗಿಲ್ಲ.
ಈ ಕ್ಯಾಮೆರಾ ಬೆಸ ಗೆರೆ ಮೊದಲು ಹಾಕುತ್ತೆ, ಸಮ ಗೆರೆ ಆಮೇಲೆ,
ಸೆಕೆಂಡಿಗೆ ಐವತ್ತು ಸಲ ಲಾಳಿ ಓಡುತ್ತೆ.
ಸುಮ್ಮನೆ ಕೂತವರ ಮುಖ ರೇಷ್ಮೆ.
ಎದ್ದು ನಡೆದರೋ, ಅಂಚೆಲ್ಲ ಬಾಚಣಿಗೆ ಹಲ್ಲು.
ಬಿಚ್ಚಿ, ಎಳೆ ಕೂಡಿಸಿ, ಮತ್ತೆ ನೇಯಬೇಕು.

ದಮಯಂತಿಯವರು ಸ್ಟೂಲಿನ ತುದಿಯಲ್ಲಿ ಕೂತು ಹೇಳಿದ್ದರು:
"ಎಂಪಿ ಫೋರ್ ಮಾಡ್ಕೊಡಿ, ಫೋನಲ್ಲಿ ಓಡೋ ಹಾಗೆ.
ಮತ್ತೆ, ಆ ನೀಲಿ ಚೆಕ್ಸ್ ಶರ್ಟಿನವನು ಇದಾನಲ್ಲ,
ನಮ್ಮ ತಂಗಿ ಗಂಡ. ಆಗಿದ್ದ.
ಅವನು ಬೇಡ."

ಬೇಡ ಅನ್ನುವುದು ಸುಲಭ. ಅವನೋ
ಎಲ್ಲ ಕಡೆ ಇದ್ದ. ಕುರ್ಚಿ ಹೊರುವವನು ಅವನು,
ಎಲೆಗೆ ನೀರು ಚಿಮುಕಿಸುವವನು, ಫ್ಯಾನು ತಿರುಗಿಸಿಡುವವನು,
ಹಸಿರು ಬಳೆ ತೊಡಿಸುವಾಗ ಹೆಂಗಸರ ಹಿಂದೆ
ಬಾಗಿಲ ಚೌಕಟ್ಟಿಗೆ ಒರಗಿ ನಗುವವನು.
ಕತ್ತರಿಸಿದೆ. ನಲವತ್ತು ನಿಮಿಷದ ಸೀಮಂತ
ಹನ್ನೊಂದಾಯಿತು. ಅಲ್ಲೂ ಒಂದು ಮೊಣಕೈ ಉಳಿಯಿತು,
ಕೋಸಂಬರಿಯ ಸೌಟು ಹಿಡಿದದ್ದು.
ಚಿತ್ರ ಹಿಗ್ಗಿಸಿ ಅದನ್ನೂ ಅಂಚಿನಾಚೆ ತಳ್ಳಿದೆ.
ದನಿ ಮಾತ್ರ ಹೋಗಲೊಲ್ಲದು: "ಇನ್ನೊಂದು ಒಬ್ಬಟ್ಟು ಹಾಕ್ರೀ..."
ಅದರ ಮೇಲೆ ನಾದಸ್ವರ ಎಳೆದೆ.

ಇಪ್ಪತ್ಮೂರನೇ ಫೈಲು ಅರ್ಧಕ್ಕೇ ನಿಂತಿತ್ತು.
ಕ್ಯಾಮೆರಾ ಯಾರದೋ ಕೈಜಾರಿದೆ.
ಬೀಳುತ್ತಿದ್ದೇನೆ ಎಂದು ಗೊತ್ತಾದೊಡನೆ ಡಿಸ್ಕು
ತನ್ನ ಮುಳ್ಳನ್ನು ಮೇಲೆತ್ತಿಕೊಂಡುಬಿಡುತ್ತೆ, ಗೀರು ಬೀಳದ ಹಾಗೆ.
ಬಿದ್ದದ್ದೊಂದನ್ನು ಬಿಟ್ಟು ಎಲ್ಲ ಬರೆದಿಟ್ಟುಕೊಂಡಿರುತ್ತೆ.

ಪೆನ್‌ಡ್ರೈವ್ ಒಯ್ಯಲು ಬಂದವಳು ಒಬ್ಬ ಹುಡುಗಿ,
ಕೊರಳಲ್ಲಿ ಪಿಯು ಕಾಲೇಜಿನ ಐಡಿ, ಸಿಂಚನ.
ದುಡ್ಡು ಎಣಿಸಿ ಕೊಟ್ಟಳು. ಹೋಗಲಿಲ್ಲ.
"ದೊಡ್ಡಮ್ಮ ಕಟ್ ಮಾಡ್ಸಿದ್ದು ಇನ್ನೂ ಇದೆಯಾ, ಅಂಕಲ್?"

ಅಳಿಸಿರಲಿಲ್ಲ. ಅಪ್ಪನೂ ಕಡಿದ ಎಳೆಗಳನ್ನು
ಉಂಡೆ ಕಟ್ಟಿ ಗೂಡಿನಲ್ಲಿಡುತ್ತಿದ್ದ, ಯಾಕೋ.
ಗಿರಾಕಿ ದಮಯಂತಿ, ನಿಜ. ಸೀಮಂತ ಯಾರದು?
ಆವತ್ತು ಅಷ್ಟೂ ಹೊತ್ತು ಒಳಗಿದ್ದು
ಏನನ್ನೂ ನೋಡದವಳು ಇವಳೇ ಅಲ್ಲವೇ.

ಮೂಲ ಫೈಲು ಹಾಗೇ ತೆರೆದೆ.
ಪರದೆಯಲ್ಲಿ ಎಲ್ಲರೂ ಉದ್ದುದ್ದ, ಸೊರಗಿದವರು.
ಅವನಂತೂ ಕಡ್ಡಿ.
"ಇಷ್ಟು ಸಣ್ಣಗಿದ್ರಾ ನಮ್ಮಪ್ಪ?"
"ಇಲ್ಲಮ್ಮ, ಈ ಕ್ಯಾಮೆರಾಗೆ ತನ್ನ ಅಗಲ ಹೇಳೋಕೆ ಬರಲ್ಲ.
ತಡಿ."

ಹದಿನಾರು, ಒಂಬತ್ತು. ಎಂಟರ್ ಒತ್ತಿದೆ.
ಕೋಣೆ ಎರಡೂ ಬದಿಗೆ ಸರಿಯಿತು,
ತಟ್ಟೆಗಳು ಮತ್ತೆ ದುಂಡಗಾದವು,
ಬಾಗಿಲಿಗೆ ಒರಗಿದ್ದವನ ಭುಜ
ಚೌಕಟ್ಟು ತುಂಬಿತು.
ನಾದಸ್ವರವಿಲ್ಲದ ಕಡೆ ಅವನ ಮಾತು ಪೂರ್ತಿ ಕೇಳಿಸಿತು:
"ಇನ್ನೊಂದು ಒಬ್ಬಟ್ಟು ಹಾಕ್ರೀ, ಇಬ್ಬರಿಗಾಗಬೇಕು."

ಯುಪಿಎಸ್ ಒಮ್ಮೆ ಕೂಗಿ ಸುಮ್ಮನಾಯಿತು.
ಹುಡುಗಿ ಸ್ಟೂಲು ಎಳೆದುಕೊಂಡಳು.